ತಂಗಿ ಕೊಡದ ಕಪ್

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಮಸಿಯಕ್ಕ ಎನ್ನುತ್ತಿದ್ದರು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಚಿತ್ರ ಗೀರಿ, ಆಸಿಡ್‌ನಲ್ಲಿ ಮುಳುಗಿಸಿದರೆ ಅದು ಗೀರಿದಷ್ಟೂ ಜಾಗವನ್ನು ಕೊರೆಯುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ ಕಾಗದದ ಮೇಲೆ ಅಚ್ಚೊತ್ತುವುದು ಅವರ ಕಸುಬು. ಆ ಅಚ್ಚುಗಳಿಗೆ ಗಾಜು, ಮರದ ಕಟ್ಟು ಹಾಕಿಕೊಡುವುದು ನನ್ನದು. ಅವರು ಬರೆದದ್ದೆಲ್ಲ ಮನೆಯ ಸಾಮಾನೇ: ಸೌಟು, ಜರಡಿ, ಹಲ್ಲು ಮುರಿದ ಬಾಚಣಿಗೆ.

"ಅಕ್ಕ, ಒಂದು ಬೆಟ್ಟನೋ ನದಿನೋ ಬರೀರಿ, ಜನ ತಗೋತಾರೆ" ಎಂದರೆ, "ಬೆಟ್ಟ ನಮ್ಮನೇಲಿ ಇಲ್ವಲ್ಲಪ್ಪ" ಎನ್ನುತ್ತಿದ್ದರು.

ಮನೆಯಲ್ಲಿ ಇದ್ದದ್ದು ಅವರು ಮತ್ತು ತಂಗಿ, ಇಬ್ಬರೇ. ಅವಳಿಗಳು, ಇಬ್ಬರದೂ ಒಂದೇ ಮುಖ. ಬೀದಿಯವರು ಗುರುತು ಹಿಡಿಯುತ್ತಿದ್ದದ್ದು ಉಗುರಿನ ಮಸಿಯಿಂದ, ಇಲ್ಲವೇ ಕೈಯಿಂದ, ತಂಗಿ ಎಡಚಿ. ಒಲೆಯ ಮೇಲೆ ಹಾಲು ಉಕ್ಕುವಾಗ ಸೌಟು ಚಿತ್ರಕ್ಕೆ ಕೂತಿರುತ್ತಿತ್ತು. "ಈ ಮನೇಲಿ ಸೌಟಿಗಿರೋ ಮರ್ಯಾದೆ ನನಗಿಲ್ಲ" ಎಂದು ತಂಗಿ ಕೂಗಾಡುತ್ತಿದ್ದದ್ದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಅವಳು ಕಡೆಯವರೆಗೂ ಚಿತ್ರಕ್ಕೆ ಕೊಡದೆ ಉಳಿಸಿಕೊಂಡದ್ದು ತನ್ನ ಟೀ ಕಪ್ ಒಂದನ್ನೇ. "ಅದನ್ನ ನಾನು ಸತ್ತ ಮೇಲೆ ಬರ್ಕೋ."

ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಕಪ್ ಸಿಕ್ಕಿತು, ಆದರೆ ಅಷ್ಟರಲ್ಲಿ ಅಕ್ಕನ ಕೈ ನಡುಗತೊಡಗಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. "ಇನ್ನೊಂದೇ ತಗಡು ಬರೆಯೋಕಾಗೋದು. ಇದು ಅವಳದ್ದೇ ಅನ್ನೋ ಹಾಗೆ ಬರಬೇಕು" ಎಂದಿದ್ದರು.

ತಗಡಿನ ಮೇಲೆ ಬಲಕ್ಕೆ ಬರೆದದ್ದು ಕಾಗದದಲ್ಲಿ ಎಡಕ್ಕೆ ಬೀಳುತ್ತದೆ. ಆದ್ದರಿಂದ ಈ ಕಸುಬಿನವರು ಎಲ್ಲವನ್ನೂ ತಿರುಗಿಸಿಯೇ ಬರೆಯುತ್ತಾರೆ. ಮಸಿಯಕ್ಕನಿಗೆ ಅದು ನೀರು ಕುಡಿದಷ್ಟು ಸಲೀಸು. ಅಂದು ಮಾತ್ರ ಕಪ್ ಅನ್ನು ತಂಗಿಯ ಜಾಗದಲ್ಲಿ, ಹಿಡಿ ಅವಳ ಎಡಗೈಗೆ ಸಿಗುವ ಹಾಗೆ ಇಟ್ಟು, ಎದುರು ಕೂತು, ಕಂಡದ್ದನ್ನು ಕಂಡ ಹಾಗೇ ಬರೆದುಬಿಟ್ಟರು.

ಅಚ್ಚು ತಂದು ನನ್ನ ಮೇಜಿನ ಮೇಲಿಟ್ಟರು.

"ಹಿಡಿ ಅವಳ ಬಲಗೈ ಕಡೆ ಬಂದಿದೆ."

"ಹಿಡಿ ಯಾವ ಕಡೆ ಇದ್ರೇನಕ್ಕ, ಟೀ ಒಂದೇ ತಾನೆ?" ಎಂದೆ. ಎಲುಬಿಲ್ಲದ ನಾಲಿಗೆ.

"ಅವಳು ಎಡಚಿ ಕಣಪ್ಪ. ಇದು ಯಾರೋ ನೆಂಟರು ಬಂದು ಕೂತ ಹಾಗಿದೆ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಕಣ್ಣೊರೆಸಿಕೊಂಡು ಚೀಲದಿಂದ ತಗಡನ್ನೇ ತೆಗೆದರು.

"ಕಾಗದ ಬೇಡ. ಇದಕ್ಕೇ ಕಟ್ಟು ಹಾಕು. ಇದರಲ್ಲಿ ಸರಿ ಇದೆ. ಗಾಜು ಹಾಕ್ಬೇಡ."

"ತಾಮ್ರ ಅಲ್ವಾ, ಮಂಕಾಗುತ್ತೆ."

"ಉಜ್ತೀನಿ. ನನಗಿನ್ನೇನು ಕೆಲಸ?"

ಮರುದಿನ ಅವರ ಮನೆಗೆ ಹೋಗಿ, ತಂಗಿಯ ಕುರ್ಚಿಯ ಹಿಂದಿನ ಗೋಡೆಗೆ, ಕೂತವರ ತಲೆಯ ಎತ್ತರಕ್ಕೆ ಮೊಳೆ ಹೊಡೆದು ತಗಡು ತೂಗುಹಾಕಿದೆ. ಸರಿಯಾಗಿದೆಯೇ ಎಂದು ನೋಡಲು, ಎದುರಿನ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಬೆನ್ನ ಹಿಂದೆ ಬಂದು ನಿಂತೆ. ಉಜ್ಜಿ ಹೊಳೆಯುತ್ತಿದ್ದ ತಾಮ್ರದಲ್ಲಿ ಅವರ ಮುಖ ಕಾಣುತ್ತಿತ್ತು. ಅಂದರೆ ತಂಗಿಯ ಮುಖವೂ. ಅಕ್ಕ ತಮ್ಮ ಟೀ ಬಗ್ಗಿಸಿಕೊಂಡು ಬಲಗೈಯಲ್ಲಿ ಕಪ್ ಎತ್ತಿದರು. ತಾಮ್ರದೊಳಗೆ ಎದುರು ಕೂತವಳು ಎಡಗೈ ಎತ್ತಿದಳು.

ಅಕ್ಕ ಕುಡಿಯಲಿಲ್ಲ. ಕಪ್ ಹಾಗೇ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು.

"ಆರಿಹೋಗುತ್ತೆ, ಕುಡಿಯೇ" ಎಂದರು.