ಬಿಳಿಯ ಮೇಲೆ ಬಿಳಿ ಬರೆಸಿದ ಬೀಗದಕ್ಕ

ಬೀಗದಕ್ಕ ತನ್ನ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಬೀಗ ಕೆಟ್ಟದ್ದು ಹೇಗೆ, ಕೆಡಿಸಿದವರು ಯಾರು, ಅವರಿಗೆ ಬುದ್ಧಿ ಇತ್ತೋ ಇಲ್ಲವೋ ಎಂಬುದನ್ನೆಲ್ಲ ಗಿರಾಕಿಗೆ ಪುಕ್ಕಟೆಯಾಗಿ ತಿಳಿಸಿ ಕಳಿಸುವುದು ಅವಳ ಕ್ರಮ. ಅಂಗಡಿ ಮಾವನಿಂದ ಬಂದದ್ದು. ಅಂಗಡಿ ಎಂದರೆ, ಎರಡು ಕಟ್ಟಡಗಳ ನಡುವೆ ಯಾರೋ ಮರೆತು ಬಿಟ್ಟ ಸಂದಿಗೆ ಹಸಿರು ಬಾಗಿಲು ಕೂರಿಸಿದ್ದು, ಅಷ್ಟೇ. ಒಳಗೆ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಗಳು, ಮೂಲೆಯಲ್ಲಿ ಕೀ ಕೊರೆಯುವ ಮಿಷನ್, ಎಲ್ಲದರ ಮೇಲೂ ಹಿತ್ತಾಳೆಯ ಪುಡಿ. ಹೆಂಡತಿಯ ತಲೆ ಮಿನುಗುವುದು ಪುಡಿಯಿಂದಲೋ ಪ್ರತಿಭೆಯಿಂದಲೋ ತನಗೆ ಇನ್ನೂ ತೀರ್ಮಾನವಾಗಿಲ್ಲ ಎಂದು ಬಸ್ಸು ಓಡಿಸುವ ಅವಳ ಗಂಡ ಹೇಳುತ್ತಿದ್ದ.

ಮೊದಲೆಲ್ಲ ಬೀಗ ಕೆಟ್ಟರೆ ಜನ ಬೀದಿಯಲ್ಲಿ ಕೇಳಿಕೊಂಡು ಬರುತ್ತಿದ್ದರು. ಈಗ ಮುಚ್ಚಿದ ಬಾಗಿಲ ಮುಂದೆಯೇ ನಿಂತು ಫೋನಿನಲ್ಲಿ ಹುಡುಕುತ್ತಾರೆ. ಫೋನಿಗೆ ಬೀಗದಕ್ಕ ಗೊತ್ತಿರಲಿಲ್ಲ. ಗಿರಾಕಿ ತೆಳುವಾಗುತ್ತಾ ಬಂದರು. ಆಗ ಬಂದಳು ಗಂಡನ ಅಕ್ಕ, ದೊಡ್ಡ ರಸ್ತೆಯ ಬಟ್ಟೆ ಅಂಗಡಿಯ ಒಡತಿ. ಉಪಕಾರ ಮಾಡಲು ಹೊರಟರೆ ಯಾರಿಂದಲೂ ತಡೆಯಲಾಗದ ಹೆಂಗಸು.

"ನಿನ್ನ ಅಂಗಡಿ ಯಾರ ಕಣ್ಣಿಗೂ ಬೀಳಲ್ಲ ಕಣೇ. ಸುಮ್ನೆ ಬಾಗಿಲು ಹಾಕಿ ಬಂದು ನನ್ನ ಗಲ್ಲಾ ಹಿಂದೆ ಕೂತ್ಕೋ. ಕುರ್ಚಿ ಆಗ್ಲೇ ತರಿಸಿದ್ದೀನಿ, ಮೆತ್ತೇನೂ ಹಾಕಿಸಿದ್ದೀನಿ."

"ಅಲ್ಲಿ ನಾನು ಗಿರಾಕಿಗಳ ಹತ್ರ ಮಾತಾಡಬಹುದಾ ಅಕ್ಕಾ?"

"ಬಿಲ್ಲು ಕೊಟ್ಟು 'ಮತ್ತೆ ಬನ್ನಿ' ಅನ್ನು. ಸಾಕು."

ಎರಡು ಪದಗಳಲ್ಲಿ ಇಡೀ ದಿನ ಕಳೆಯುವುದನ್ನು ಬೀಗದಕ್ಕನಿಗೆ ಊಹಿಸಲೂ ಆಗಲಿಲ್ಲ. ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ ಶುರುವಾಗುವ ಹೊತ್ತಿಗೂ ಗಿರಾಕಿಗಳ ಫೋನು ಬರದಿದ್ದರೆ ಬರುತ್ತೇನೆ ಎಂದು ಒಪ್ಪಿ, ನೇರ ಮೈದುನನ ಬಳಿಗೆ ಹೋದಳು.

ಮೈದುನ ಮನೆಯ ಕಂಪ್ಯೂಟರ್ ಪಂಡಿತ. ನಾಲ್ಕು ವಿಡಿಯೋ ನೋಡಿ ಐದನೆಯದನ್ನು ತಾನೇ ಮಾಡಬಲ್ಲೆ ಎನ್ನುವ ಜಾತಿ. ಅಂಗಡಿಗೆ ಒಂದು ವೆಬ್‌ಸೈಟು ಮಾಡಿದ. "ಅತ್ತಿಗೆ, ಹುಡುಕೋ ಯಂತ್ರ ಇದೆಯಲ್ಲ, ಅದು ಚಿಕ್ಕ ಮಗು ಥರ. ಒಂದೇ ಮಾತು ಹತ್ತು ಸಲ ಹೇಳಿದ್ರೆ ನಂಬುತ್ತೆ."

"ಹಾಗಾದ್ರೆ ನೂರು ಸಲ ಹೇಳು" ಎಂದಳು ಬೀಗದಕ್ಕ.

"ನೋಡೋರಿಗೆ ಅಸಹ್ಯ ಆಗಲ್ವಾ?"

"ಕಾಣದ ಹಾಗೆ ಹೇಳು."

ದುರಾಸೆ ಅತ್ತಿಗೆಯದು, ಕೈಚಳಕ ಮೈದುನನದು. ಬಿಳಿ ಪುಟದ ಬುಡದಲ್ಲಿ ಬಿಳಿ ಅಕ್ಷರದಲ್ಲಿ 'ಬೀಗ ರಿಪೇರಿ, ಅಗ್ಗದ ಬೀಗ, ಬೀಗ ತೆಗೆಯುವವರು, ಒಳ್ಳೆಯ ಬೀಗ' ಎಂದು ತುರುಕಿದರು. ಅವಳು ಕಾಲಿಡದ ಊರುಗಳ ಹೆಸರನ್ನೆಲ್ಲ ಸೇರಿಸಿ, 'ಇಲ್ಲಿಗೂ ಬರುತ್ತೇವೆ' ಎಂದು ಬರೆದರು. ಬಾತುಕೋಳಿ ಸಾಕಣೆಯ ಪುಟದಿಂದಲೂ ಕೂದಲೆಣ್ಣೆಯ ಪುಟದಿಂದಲೂ ಅಂಗಡಿಯ ಪುಟಕ್ಕೆ ದಾರಿ, ಅಂದರೆ ಲಿಂಕು, ಹಾಕಿಸಿದರು. ಕೊನೆಗೆ ನೆಂಟರಿಷ್ಟರನ್ನೆಲ್ಲ ಹಿಡಿದು ಐದೈದು ನಕ್ಷತ್ರದ ಹೊಗಳಿಕೆ ಬರೆಸಿದರು. ಚಿಕ್ಕಮ್ಮ ಅಭ್ಯಾಸಬಲದಿಂದ, "ತುಂಬಾ ರುಚಿಯಾಗಿತ್ತು, ಮತ್ತೆ ಬರುತ್ತೇವೆ" ಎಂದು ಬರೆದಳು.

ಮೊದಮೊದಲು ಫೋನು ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಎಲ್ಲೋ ಹೊಳೆಯಾಚೆಯ ಊರಿನವನೊಬ್ಬ, "ಬಾಗಿಲ ಹೊರಗೆ ನಿಂತಿದ್ದೀನಿ, ಎಷ್ಟೊತ್ತಿಗೆ ಬರ್ತೀರಿ?" ಎಂದ. "ನಾಳೆ ಸಂಜೆ" ಎಂದಳು ಬೀಗದಕ್ಕ, ಇದ್ದದ್ದು ಇದ್ದ ಹಾಗೆ. ಅವನು ಉತ್ತರವಾಗಿ ಹೇಳಿದ್ದನ್ನು ಅವಳು ಗಂಡನಿಗೂ ಹೇಳಲಿಲ್ಲ.

ಆಮೇಲೆ ಫೋನು ತಣ್ಣಗಾಯಿತು. ಮೈದುನ ಹುಡುಕಿ ನೋಡಿದ. ಅಂಗಡಿ ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲಿಲ್ಲ, ಬಾತುಕೋಳಿಗಳು ಮಾತ್ರ ಆರಾಮಾಗಿದ್ದವು.

"ಮಗು ಥರ ಅಂದ್ಯಲ್ಲೋ?"

"ಮಗು ಸ್ವಲ್ಪ ಬೆಳೆದಿದೆ ಅನ್ಸುತ್ತೆ, ಅತ್ತಿಗೆ."

ಹಾಗಿರುವಾಗ ಒಂದು ಬೆಳಿಗ್ಗೆ ಹಾಡಿನ ಮೇಷ್ಟ್ರು ಬಂದರು. ಕಣ್ಣು ಕಾಣದವರು, ಕೋಲಿನಿಂದ ಮೆಟ್ಟಿಲು ತಡವಿ, ಕಂಬಕ್ಕೆ ಭುಜ ತಗುಲಿಸಿಕೊಂಡು, ಅಂಗಡಿಯ ಮುಂದೆ ನಿಂತು ನಕ್ಕರು. ಪಿಟೀಲಿನ ಪೆಟ್ಟಿಗೆಯ ಬೀಗ ಕಚ್ಚಿಕೊಂಡಿತ್ತು.

"ನಿಮ್ಮ ಅಂಗಡಿ ಹುಡುಕೋಕೆ ದೊಡ್ಡ ಸಾಹಸ ಆಯ್ತಮ್ಮ. ಫೋನಲ್ಲಿ ಹುಡುಕಿದ್ರೆ ಸಿಗಲೇ ಇಲ್ಲ, ಯಾರೋ ನಿಮ್ಮ ಪುಟದ ವಿಳಾಸ ಕಳಿಸಿದ್ರು. ನನ್ನ ಫೋನು ಪುಟದಲ್ಲಿರೋದನ್ನೆಲ್ಲ ಓದಿ ಹೇಳುತ್ತೆ. ಫೋನ್ ನಂಬರು ಎಲ್ಲಿದೆ ಅಂತ ಕೇಳ್ತಾ ಕೂತೆ. ನಂಬರಿನ ಬದಲು ಒಂದು ಕಛೇರಿನೇ ನಡೀತು."

ಫೋನನ್ನು ಕಟ್ಟೆಯ ಮೇಲಿಟ್ಟು ಬೆರಳಾಡಿಸಿದರು. ಅದು ಏರಿಳಿತವಿಲ್ಲದ ದನಿಯಲ್ಲಿ ಶುರು ಮಾಡಿತು: "ಬೀಗ ರಿಪೇರಿ ಅಗ್ಗದ ಬೀಗ ಬೀಗ ತೆಗೆಯುವವರು ಒಳ್ಳೆಯ ಬೀಗ ಬೀಗ ರಿಪೇರಿ ಅಗ್ಗದ ಬೀಗ..."

ಎದುರಿನ ಚಪ್ಪಲಿ ಹೊಲಿಯುವವನು ಸೂಜಿ ಕೆಳಗಿಟ್ಟ. ಪಕ್ಕದ ಔಷಧಿ ಅಂಗಡಿಯವಳು ಹೊರಗೆ ಬಂದಳು. ಫೋನು ಉಸಿರು ತೆಗೆದುಕೊಳ್ಳಲಿಲ್ಲ. ದಾರಿಹೋಕನೊಬ್ಬ ಇದೇನು ಭಜನೆಯೇ ಎಂದು ಕೇಳಿ ನಿಂತ. ಮೇಷ್ಟ್ರು ಬೆರಳಿನಿಂದ ತಾಳ ಹಾಕುತ್ತಿದ್ದರು.

"ಒಂದೇ ಸ್ವರ ಹಿಡ್ಕೊಂಡು ಎಳೆದ್ರೆ ನನ್ನ ಶಿಷ್ಯರನ್ನೇ ನಾನು ಹೊರಗೆ ಕಳಿಸ್ತೀನಿ" ಎಂದರು. "ಆ ಹುಡುಕೋ ಯಂತ್ರ ನಿಮ್ಮನ್ನ ಹೊರಗೆ ಹಾಕಿದ್ರಲ್ಲಿ ಏನಾಶ್ಚರ್ಯ?"

ಬೀಗದಕ್ಕನಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಹೊಟ್ಟೆಯಿಂದ ಎದ್ದ ನಗು ತಡೆಯಲಾಗದೆ ಕಟ್ಟೆ ಹಿಡಿದುಕೊಂಡಳು. ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟದ್ದು ಕಣ್ಣಿಲ್ಲದವರ ಕೈಗೇ ಮೊದಲು ಸಿಕ್ಕಿತ್ತು. ಪೆಟ್ಟಿಗೆಯ ಬೀಗ ತೆಗೆಯುತ್ತಾ, "ಮೇಷ್ಟ್ರೇ, ಹಾಗಾದ್ರೆ ಏನು ಬರೀಲಿ?" ಎಂದಳು.

"ಈಗ ನನ್ನ ಹತ್ರ ಏನು ಹೇಳ್ತಾ ಇದ್ರಿ?"

"ಬೀಗಕ್ಕೆ ಅಡುಗೆ ಎಣ್ಣೆ ಬಿಟ್ಟೋರಿಗೆ ಬುದ್ಧಿ ಇಲ್ಲ ಅಂತ."

"ಬಿಟ್ಟೋನು ನಾನೇ. ಬುದ್ಧಿಯ ಮಾತು ತೆಗೆದು ಮಿಕ್ಕಿದ್ದನ್ನ ಬರೀರಿ."

ಅಂದೇ ಮೈದುನ ಬಿಳಿ ಅಕ್ಷರಗಳನ್ನು ಗುಡಿಸಿ ಹಾಕಿದ, ಕಾಣದ ಊರುಗಳನ್ನು ಅಳಿಸಿದ, ಬಾತುಕೋಳಿಗಳ ಜೊತೆ ನೆಂಟಸ್ತನ ಕಡಿದುಕೊಂಡ. ನೆಂಟರು ತಮ್ಮ ನಕ್ಷತ್ರಗಳನ್ನು ವಾಪಸು ತೆಗೆದುಕೊಂಡರು. ಚಿಕ್ಕಮ್ಮ ಮಾತ್ರ, "ಕೊಟ್ಟಿದ್ದು ಕಿತ್ಕೊಳ್ಳೋ ಮನೆತನ ಅಲ್ಲ ನಮ್ದು" ಎಂದು ಹಟ ಹಿಡಿದಳು. ಅವಳನ್ನು ಒಪ್ಪಿಸಲು ಇಡೀ ಮಧ್ಯಾಹ್ನ ಹಿಡಿಯಿತು.

ಆಮೇಲೆ ಬೀಗದಕ್ಕ ಮಿಷನ್ ಮುಂದೆ ಕೂತು ಹೇಳಿದಳು, ಮೈದುನ ಬರೆದುಕೊಂಡ. ಕೀ ತಿರುಗಿದರೂ ಬಾಗಿಲು ತೆರೆಯದಿದ್ದರೆ ಬಾಗಿಲನ್ನು ನಿಮ್ಮ ಕಡೆಗೆ ಎಳೆದು ಹಿಡಿದು ತಿರುಗಿಸಿ. ಬೀಗಕ್ಕೆ ಅಡುಗೆ ಎಣ್ಣೆ ಬೇಡ. ಪೆನ್ಸಿಲ್ ಸೀಸದ ಪುಡಿ ಸಾಕು. ಕೀ ಮುರಿದು ಒಳಗೆ ಸಿಕ್ಕಿಕೊಂಡರೆ ಇನ್ನೊಂದು ಕೀ ತುರುಕಬೇಡಿ. ಮನೆ ನಿಮ್ಮದೇ ಎಂದು ತೋರಿಸದಿದ್ದರೆ, ಅತ್ತರೂ ಬೀಗ ತೆಗೆಯುವುದಿಲ್ಲ. ನಡೆದು ಹೋಗಬಹುದಾದ ಬೀದಿಗಳಿಗಷ್ಟೇ ಬರುತ್ತೇವೆ, ಆದರೆ ಬೇಗ ಬರುತ್ತೇವೆ. ಅಂಗಡಿಯ ಚಿತ್ರಕ್ಕೆ ವಿವರಣೆಯಾಗಿ, ಮೇಷ್ಟ್ರ ಫೋನು ಓದಲೆಂದು ಹೀಗೂ ಬರೆಸಿದಳು: ಹಸಿರು ಬಾಗಿಲು, ಒಂದು ಮೆಟ್ಟಿಲು, ಎಡಕ್ಕೆ ಕಂಬ, ಭುಜ ಜೋಪಾನ.

ಮೈದುನನಿಗೆ ಸಂಕಟ. "ಅತ್ತಿಗೆ, ಎಲ್ಲ ಹೇಳ್ಕೊಟ್ಬಿಟ್ರೆ ನಿಮ್ಮನ್ನ ಯಾರು ಕರೀತಾರೆ?"

"ಅರ್ಧ ಜನ ತಾವೇ ತೆಗೆದು ನನ್ನನ್ನ ಹೊಗಳ್ತಾರೆ. ಇನ್ನರ್ಧ ತೆಗೆಯೋಕೆ ಹೋಗಿ ಕೀ ಮುರ್ಕೋತಾರೆ. ಇಬ್ರೂ ನಮ್ಮೋರೇ ಕಣೋ."

ಹುಡುಕುವ ಯಂತ್ರ ಸುಲಭಕ್ಕೆ ಕ್ಷಮಿಸುವ ಪ್ರಾಣಿಯಲ್ಲ. ಅತ್ತೆಮನೆಗೆ ಬಂದ ಹೊಸ ಸೊಸೆಯನ್ನು ನೋಡುವಂತೆ ಬಹಳ ದಿನ ಓರೆಗಣ್ಣಿನಿಂದ ನೋಡಿತು. ಫೋನು ಆಗೊಮ್ಮೆ ಈಗೊಮ್ಮೆ ಕೆಮ್ಮಿತು, ಅಷ್ಟೇ. ರಿಯಾಯಿತಿ ಮಾರಾಟದ ಬೆಳಿಗ್ಗೆ ಬಂದೇಬಿಟ್ಟಿತು. ಕೊಟ್ಟ ಮಾತು ಕೊಟ್ಟ ಮಾತೇ. ಬೀಗದಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆಯ ಹಿತ್ತಾಳೆ ತೊಳೆದು, ಕನ್ನಡಿಯ ಮುಂದೆ "ಮತ್ತೆ ಬನ್ನಿ" ಎಂದು ಅಭ್ಯಾಸ ಮಾಡುತ್ತಿದ್ದಳು. ಗಂಡ ಕೇಳಿಸಿಕೊಂಡು, "ಹಾಗೆ ಹೇಳಿದ್ರೆ ಯಾರೂ ಬರಲ್ಲ" ಎಂದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾವುದೋ ಹುಡುಗಿಯ ಗಾಬರಿಯ ದನಿ. "ಬೀಗದವ್ರಾ? ಶಟರಿನ ಬೀಗದಲ್ಲಿ ಕೀ ಮುರಿದು ಕೂತಿದೆ. ನಿಮ್ಮ ಪುಟದಲ್ಲಿ ಇನ್ನೊಂದು ಕೀ ತುರುಕಬೇಡಿ ಅಂತ ಇದೆ. ಆದ್ರೆ ನಮ್ಮ ಮೇಡಂ ಆಗ್ಲೇ ತುರುಕಿಬಿಟ್ಟಿದ್ದಾರೆ. ಹೊರಗೆ ಜನ ತುಂಬಿದ್ದಾರೆ!"

"ಯಾವ ಅಂಗಡಿಯಮ್ಮ?"

ಹುಡುಗಿ ಹೇಳಿದಳು. ಬೀಗದಕ್ಕ ಫೋನು ಇಟ್ಟು, ಚೀಲಕ್ಕೆ ಕೊಕ್ಕೆಗಳನ್ನು ತುಂಬಿಕೊಂಡು ಓಡಿದಳು. ಚಪ್ಪಲಿ ತಿರುಗಾಮುರುಗಾ ಆಗಿದ್ದು ದೊಡ್ಡ ರಸ್ತೆ ಸೇರಿದ ಮೇಲೆ ತಿಳಿಯಿತು.

ಬಟ್ಟೆ ಅಂಗಡಿಯ ಮುಂದೆ ಜನವೋ ಜನ. ಗಂಡನ ಅಕ್ಕ ಶಟರಿಗೆ ಬೆನ್ನು ಕೊಟ್ಟು, ಮುರಿದ ಎರಡು ಕೀಗಳ ತಲೆಗಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದಳು.

"ನಿನ್ನನ್ನ ಯಾರೇ ಕರೆದಿದ್ದು?"

"ಮೇಡಂ, ಒಳ್ಳೆಯೋರನ್ನ ಹುಡುಕು ಅಂದ್ರಲ್ಲ" ಎಂದಳು ಕೆಲಸದ ಹುಡುಗಿ. "ಬೀಗದಲ್ಲಿ ಕೀ ಮುರಿದ್ರೆ ಏನು ಮಾಡೋದು ಅಂತ ಹುಡುಕಿದೆ, ಫೋನಲ್ಲಿ ಮೊದಲು ಬಂದಿದ್ದು ಇವರದೇ."

ಬೀಗದಕ್ಕ ಮಂಡಿಯೂರಿದಳು. ತೆಳು ಕೊಕ್ಕೆ ಒಳಗೆ ಹೋಯಿತು, ಒಂದು ತುಂಡು ಬಂತು, ಇನ್ನೊಂದು ಮುನಿಸಿಕೊಂಡು ಕೂತಿತು. ಆಗಲೂ ಬಾಯಿ ಸುಮ್ಮನಿರಲಿಲ್ಲ: ಶಟರಿನ ಬೀಗಕ್ಕೆ ಧೂಳು ಹೇಗೆ ಕೂರುತ್ತದೆ, ಅದನ್ನು ಕಡೆಗಣಿಸಿದವರು ಯಾರು ಎಂಬುದೆಲ್ಲ ಜನರಿಗೆ ವಿವರವಾಗಿ ತಿಳಿಯಿತು. ಕೊನೆಗೆ 'ಟಕ್' ಎಂದಿತು. ಶಟರು ಗಡಗಡ ಮೇಲೇರಿತು. ಜನ ಚಪ್ಪಾಳೆ ತಟ್ಟಿ ಒಳಗೆ ನುಗ್ಗಿದರು. ನುಗ್ಗುವ ಮುನ್ನ ಹಲವರು ಅವಳ ನಂಬರು ಬರೆದುಕೊಂಡರು.

ಗಂಡನ ಅಕ್ಕ ಗಲ್ಲಾದ ಹಿಂದಿನ ಖಾಲಿ ಕುರ್ಚಿಯನ್ನೂ ಇವಳನ್ನೂ ನೋಡಿದಳು. "ಕೂತ್ಕೋತೀಯಾ?"

"ಬೇಡಕ್ಕಾ. ಕುರ್ಚಿ ಮಾತ್ರ ಕೊಡಿ. ನಮ್ಮ ಮೇಷ್ಟ್ರು ಬಂದ್ರೆ ನಿಂತೇ ಇರ್ತಾರೆ."

ಕುರ್ಚಿ ಮೆತ್ತೆ ಸಮೇತ ಬಂತು. ಅದನ್ನಿಟ್ಟ ಮೇಲೆ ಬೀಗದಕ್ಕ ಅಂಗಡಿಯೊಳಗೆ ಅಡ್ಡಡ್ಡ ನಡೆಯಬೇಕಾಯಿತು, ಅದು ಬೇರೆ ಮಾತು. ಆ ವಾರವೇ ಪುಟದಲ್ಲಿ ಗಂಡನ ಅಕ್ಕನ ಅಭಿಪ್ರಾಯವೂ ಕಾಣಿಸಿತು. ನಕ್ಷತ್ರ ಮೂರು. "ಕೆಲಸ ಚೆನ್ನಾಗಿದೆ. ಮಾತು ಜಾಸ್ತಿ."

"ಐದು ಮಾಡೋಕೆ ಹೇಳಲಾ ಅತ್ತಿಗೆ?" ಎಂದ ಮೈದುನ.

"ಸುಮ್ನಿರೋ" ಎಂದಳು ಬೀಗದಕ್ಕ, ಬಂದ ಗಿರಾಕಿಗೆಲ್ಲ ಅದನ್ನೇ ತೋರಿಸುತ್ತಾ. "ಓದಿದ್ರೆ ನಂಬೋ ಹಾಗಿರೋದು ಇದೊಂದೇ."