ಅಕ್ಕಾರಿಗೆ ನಾನು ಹಾಕಿದ ಅಂಕ

ಭಾನುವಾರದ ತರಗತಿಗೆ ತನ್ನದೇ ಆದ ಒಂದು ಪರಿಮಳವಿರುತ್ತದೆ. ವಾರದ ಉಳಿದ ದಿನಗಳ ತರಗತಿಗಳಿಗೆ ಅದು ದಕ್ಕಿದ್ದಲ್ಲ. ಬೆಂಚುಗಳ ಕೆಳಗೆ ಇಟ್ಟ ಬುತ್ತಿಗಂಟುಗಳಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯದ ಘಮ ಮೆಲ್ಲಗೆ ಮೇಲೆದ್ದು, ಸೀಮೆಸುಣ್ಣದ ಪುಡಿಯೊಂದಿಗೆ ಬೆರೆತು, ಮಧ್ಯಾಹ್ನ ಇನ್ನೂ ದೂರವಿರುವಾಗಲೇ ಪಾಠ ಹೇಳುವವನ ಚಿತ್ತವನ್ನು ಕೆಡಿಸಿಬಿಡುತ್ತದೆ. ಎಳೆಯ ಹುಡುಗರಿಗೆಂದು ಮಾಡಿಸಿದ ಬೆಂಚುಗಳಲ್ಲಿ ನಲವತ್ತು, ಐವತ್ತು ದಾಟಿದವರು ಓರೆಯಾಗಿ ಕೂತು, ಮೊಣಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತ, ಕನ್ನಡಕ ಒರೆಸಿಕೊಂಡು ಮತ್ತೆ ಪುಸ್ತಕಕ್ಕೆ ಬಾಗುವುದನ್ನು ನೀವು ಎಂದಾದರೂ ನೋಡಿದ್ದೀರಾ? ನೋಡಿಲ್ಲವಾದರೆ ನನ್ನ ಮಾತನ್ನು ನಂಬಿ. ಕಲಿಯುವುದೆಂಬುದು ಅಷ್ಟು ಚೆಂದವಾಗಿ ಕಾಣುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾದ ಮೇಲಿನ ವರ್ಷಗಳವು. ಇಲ್ಲಿಯ ಕಾಲೇಜೊಂದರಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದೆ. ನಡುವೆ ಓದು ಬಿಟ್ಟವರು, ಓದಲು ಬಿಡುವೇ ಸಿಗದವರು ತಮ್ಮ ಅನುಕೂಲ ನೋಡಿಕೊಂಡು ಪದವಿ ಪಡೆಯಲೆಂದು ಸರ್ಕಾರದ ಮುಕ್ತ ಶಿಕ್ಷಣದ ಕೇಂದ್ರವೊಂದು ನಮ್ಮ ಕಾಲೇಜಿನಲ್ಲೇ ಶುರುವಾಯಿತು. ಭಾನುವಾರ ಪಾಠ ಹೇಳಲು ಯಾರು ಬರುತ್ತೀರಿ ಎಂದಾಗ ನಾನು ಕೈ ಎತ್ತಿದೆ. ಇದಕ್ಕೆ ದೂರಶಿಕ್ಷಣ ಎಂಬ ಹೆಸರೂ ಉಂಟು. ಆದರೆ ನಮ್ಮಲ್ಲಿ ದೂರ ಇದ್ದದ್ದು ಬಸ್ಸಿನ ದಾರಿ ಮಾತ್ರ, ಶಿಕ್ಷಣವೆಲ್ಲ ತೀರ ಹತ್ತಿರದ್ದೇ. ಗಂಗಾವತಿಯ ಕಡೆಯ ಮರಳಿಯಿಂದ ಭತ್ತದ ನಾಟಿ ಮುಗಿಸಿ ಬರುವ ಸೊಸೆಯೊಬ್ಬಳು, ಇರಕಲ್ಲಗಡದ ಅಂಗನವಾಡಿ ಕಾರ್ಯಕರ್ತೆ, ಯಲಬುರ್ಗಾದ ಕಚೇರಿಯ ಜವಾನ, ಕುಷ್ಟಗಿಯ ಬಸ್ ಕಂಡಕ್ಟರ್ ಹನುಮಂತಪ್ಪ, ಹೀಗೆ ನಾಲ್ಕೂ ತಾಲ್ಲೂಕುಗಳು ಒಂದೇ ಕೋಣೆಯಲ್ಲಿ ಬಂದು ಕೂರುತ್ತಿದ್ದವು. ಡ್ಯೂಟಿ ಮುಗಿಸಿ ನೇರ ತರಗತಿಗೆ ಬರುತ್ತಿದ್ದ ಹನುಮಂತಪ್ಪ ಅಲಂಕಾರಗಳ ಪಾಠ ಶುರುವಾದೊಡನೆ ತೂಕಡಿಸುತ್ತಿದ್ದ. ಎಬ್ಬಿಸಿದರೆ, "ನಿದ್ದಿ ಅಲ್ರಿ ಸರ್, ಉಪಮಾಲಂಕಾರದ ರುಚಿ ನೋಡಾಕತ್ತಿದ್ದೆ" ಎನ್ನುತ್ತಿದ್ದ.

ಕೇಂದ್ರ ಶುರುವಾದ ಎರಡನೆಯ ವರ್ಷ, ಹೊಸ ತಂಡಕ್ಕೆ ಹಾಜರಿ ಕೂಗುತ್ತಿದ್ದೆ. "ಗೌರಮ್ಮ, ತಾವರಗೇರಾ" ಎಂದೆ. ಅದು ನನ್ನೂರು, ಆದರೆ ಆ ಹೆಸರಿನವರು ಯಾರೂ ನೆನಪಿಗೆ ಬರಲಿಲ್ಲ. ಹಿಂದಿನ ಬೆಂಚಿನಿಂದ "ಹಾಜರ್ ಸರ್" ಎಂಬ ದನಿ ಬಂತು ನೋಡಿ, ನನ್ನ ಕೈಯ ಪೆನ್ನು ಅಲ್ಲೇ ನಿಂತುಬಿಟ್ಟಿತು. ಆ ದನಿಯಲ್ಲೇ ನಾನು ಅ ಆ ಇ ಈ ಕೇಳಿದ್ದು. ಆ ದನಿಯಲ್ಲೇ ಮಗ್ಗಿ, ಬಾಯಿಪಾಠ, "ಮೂಗು ಒರಸ್ಕೊ" ಎಂಬ ಆಜ್ಞೆ, ಎಲ್ಲವೂ. ತಲೆಯೆತ್ತಿ ನೋಡಿದರೆ ನಮ್ಮ ಅಕ್ಕಾರು! ತಾವರಗೇರಾದ ಪ್ರಾಥಮಿಕ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಕೂದಲು ಬೆಳ್ಳಗಾಗಿತ್ತು, ಬೆನ್ನು ಮಾತ್ರ ಅಂದಿನಷ್ಟೇ ನೇರ. ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವುದೇ ಹಾಗೆ, ಶಾಲೆಯ ಮಕ್ಕಳಾದ ನಮಗೆ ಅವರು ಅಕ್ಕಾರು, ಅಷ್ಟೇ. ಅವರಿಗೊಂದು ಹೆಸರೂ ಇದ್ದೀತೆಂದು ನಾವು ಯಾರೂ ಯೋಚಿಸಿರಲಿಲ್ಲ. ಅವರ ಹೆಸರು ಗೌರಮ್ಮ ಎಂದು ಗೊತ್ತಾಗಲು ನಾನು ಅವರಿಗೇ ಪಾಠ ಹೇಳುವ ಕಾಲ ಬರಬೇಕಾಯಿತು.

ತರಗತಿ ಮುಗಿದ ಮೇಲೆ ಓಡಿಹೋಗಿ ಕಾಲಿಗೆರಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು.

"ಏ ಶರಣಪ್ಪ, ಎಲ್ಲಾರು ನೋಡಾಕತ್ಯಾರ. ಇಲ್ಲಿ ನೀವು ಸರ್, ನಾ ವಿದ್ಯಾರ್ಥಿ. ಊರಿಗೆ ಬಂದಾಗ ನೀನು ಶರಣಪ್ಪ, ನಾ ಅಕ್ಕಾರು. ತಿಳೀತಿಲ್ಲೋ?"

ಒಂದೇ ಉಸಿರಿನಲ್ಲಿ ನೀನು, ನೀವು ಎರಡನ್ನೂ ನಿಭಾಯಿಸಿದ ಆ ವ್ಯಾಕರಣಕ್ಕೆ ನಾನು ತಲೆದೂಗಿದೆ. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮುಗಿಸಿ ನೌಕರಿಗೆ ಸೇರಿದವರು ಮುಂದೆ ಓದಿರಲಿಲ್ಲ. ಮದುವೆ, ಮಕ್ಕಳು, ಶಾಲೆ ಎನ್ನುವುದರಲ್ಲೇ ವರ್ಷಗಳು ಸಂದಿದ್ದವು. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಉಳಿದಿತ್ತು. ಬಡ್ತಿಯೂ ಇಲ್ಲ, ಪಗಾರವೂ ಏರುವುದಿಲ್ಲ. ಮತ್ತೆ ಈ ಬಿ.ಎ. ಯಾಕೆ ಎಂದು ಕೇಳಬೇಕೆನಿಸಿದರೂ ಅಂದು ನನಗೆ ಧೈರ್ಯ ಬರಲಿಲ್ಲ.

ಅಕ್ಕಾರು ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ನಸುಕಿನಲ್ಲೇ ಹೊರಟು, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಿದ್ದರು. ಹೇಳಿದ್ದನ್ನೆಲ್ಲ ದುಂಡಾಗಿ ಬರೆದುಕೊಳ್ಳುತ್ತಿದ್ದರು. ನಾನು ತಪ್ಪಿ ಹಲಗೆಯ ಮೇಲೆ ಸಾಲನ್ನು ಓರೆಯಾಗಿ ಬರೆದರೆ ಅವರ ಕುತ್ತಿಗೆಯೂ ಅದರೊಂದಿಗೆ ಓರೆಯಾಗುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ, ಅದು ಅವರ ದೊಡ್ಡತನ. ನಾನೇ ಅಳಿಸಿ ನೇರ ಬರೆಯುತ್ತಿದ್ದೆ.

ಹೀಗಿರುವಾಗ ಮನೆಯಿಂದ ಬರೆದು ತರಬೇಕಾದ ಪ್ರಬಂಧದ ಸರದಿ ಬಂತು. ನಡುಗನ್ನಡದ ಒಂದು ಪದ್ಯ, ಮನೆಯ ಬಾಗಿಲಲ್ಲಿ ನಿಂತು ತವರಿನವರ ದಾರಿ ಕಾಯುವ ಹೆಣ್ಣಿನ ಚಿತ್ರ. ಅದರ ಸೊಗಸನ್ನು ವಿವರಿಸಬೇಕು. ಅಕ್ಕಾರು ತಂದುಕೊಟ್ಟ ಹಾಳೆಗಳು ಕಣ್ಣಿಗೆ ಹಬ್ಬ. ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ. ಓದುತ್ತ ಹೋದಂತೆ ನನ್ನ ಮುಖ ಸಪ್ಪಗಾಯಿತು. ಪೇಟೆಯಲ್ಲಿ ಸಿಗುವ ಗೈಡಿನ ಉತ್ತರವೇ ಮೊದಲಿಂದ ಕೊನೆಯವರೆಗೆ ಅಕ್ಷರ ಬಿಡದೆ ಇಳಿದುಬಂದಿತ್ತು. ಬೇರೆ ಕೆಲವರೂ ಹಾಗೆ ಬರೆದಿದ್ದರು, ಅವರಿಗೆ ಕಡಿಮೆ ಅಂಕ ಹಾಕಿ ಆಗಿತ್ತು. ಈಗ ಏನು ಮಾಡಬೇಕು ಹೇಳಿ? ಅಕ್ಕಾರೆಂದು ಕೈ ಬಿಗಿ ಸಡಿಲಿಸಿದರೆ, ನಾಲ್ಕರ ಮಗ್ಗಿ ತಪ್ಪಿದ್ದಕ್ಕೆ ಊರಗೌಡರ ಮಗನನ್ನೂ ನನ್ನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ ಆ ಅಕ್ಕಾರಿಗೇ ಅಪಮಾನ ಮಾಡಿದಂತೆ. ಬಹಳ ಹೊತ್ತು ಕೂತು, ಉಳಿದವರಿಗೆ ಹಾಕಿದಷ್ಟೇ ಅಂಕ ಹಾಕಿದೆ. ಕೆಳಗೆ ಕೆಂಪು ಶಾಯಿಯಲ್ಲಿ, "ಇದರಲ್ಲಿ ನಿಮ್ಮ ಮಾತು ಎಲ್ಲಿದೆ?" ಎಂದು ಬರೆದೆ. ಬರೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ನನ್ನ 'ದ'ದ ಹೊಟ್ಟೆ, 'ಲ'ದ ಬಾಗು ಎಲ್ಲವೂ ಅವರದೇ. ಅವರ ಉತ್ತರವೂ ನನ್ನ ಟೀಕೆಯೂ ಒಂದೇ ಕೈ ಬರೆದಂತಿತ್ತು. ಅವರನ್ನು ಅವರೇ ಪ್ರಶ್ನಿಸಿಕೊಂಡ ಹಾಗೆ.

ಹಾಳೆ ಹಿಂದಿರುಗಿಸಿದ ದಿನ ಅಕ್ಕಾರು ಆ ಕೆಂಪು ಸಾಲನ್ನು ಓದಿದರು, ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹನುಮಂತಪ್ಪನನ್ನು ಕೇಳಿದರೆ, "ನನ್ನ ಬಸ್ಸಿಗೂ ಬಂದಿಲ್ರಿ ಸರ್. ಅಕ್ಕಾರು ಬರದ ಕ್ಲಾಸಿನ್ಯಾಗ ನಿದ್ದೀನೂ ಬರವಲ್ದು" ಎಂದ. ನನಗೆ ಪಾಠದ ರುಚಿಯೇ ಹೋಯಿತು. ಒಂದು ರಜೆಯ ದಿನ ನೋಡಿಕೊಂಡು ತಾವರಗೇರಾಕ್ಕೆ ಹೊರಟೆ.

ಅಕ್ಕಾರ ಯಜಮಾನರು ಸಂಗಪ್ಪನವರು ಹೊರಗಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಹೊಲ ಮಾಡಿಕೊಂಡಿದ್ದ ಅವರು ಹೆಂಡತಿಯ ಓದಿನ ಬಗ್ಗೆ ಒಂದು ಮಾತೂ ಎದುರಾಡಿದವರಲ್ಲ. ಭಾನುವಾರ ನಸುಕಿನಲ್ಲಿ ಬಸ್ ನಿಲ್ದಾಣದವರೆಗೆ ಬಂದು ಬಿಟ್ಟುಹೋಗುತ್ತಿದ್ದವರು ಅವರೇ.

"ಬರ್ರಿ, ಬರ್ರಿ," ಎಂದರು. "ಏನ್ ಬರದು ಕೊಟ್ಟೀರಿ ನೀವು? ಅಕಿ ಎರಡು ವಾರದಿಂದ ಸರಿಯಾಗಿ ಮಾತಾಡವಲ್ಲಳು. ಸಾರಿಗೆ ಉಪ್ಪೂ ಹಾಕವಲ್ಲಳು."

ಒಳಗಿನಿಂದ ಅಕ್ಕಾರು ಬಂದರು. ನೀರು ಕೊಟ್ಟರು, ಚಹಾ ಕೊಟ್ಟರು, ಎದುರಿಗೆ ಕೂತರು. ಊರಿನಲ್ಲಿದ್ದೆವಲ್ಲ, ಆದ್ದರಿಂದ ನಾನು ಶರಣಪ್ಪನೇ.

"ಸಿಟ್ಟು ಬಂದೈತೇನ್ರಿ ಅಕ್ಕಾರ?" ಎಂದೆ.

"ಬಂದಿತ್ತು. ಸುಳ್ಳ್ಯಾಕ ಹೇಳ್ಲಿ? ಬಸ್ಸಿನ್ಯಾಗ ಅತ್ತೆ. ಇಷ್ಟು ವರ್ಷ ಕೆಂಪು ಪೆನ್ನು ನನ್ನ ಕೈಯಾಗ ಇತ್ತು ನೋಡು, ಅದು ಹಿಂಗ ಚುಚ್ಚತೈತಿ ಅಂತ ಗೊತ್ತಿರಲಿಲ್ಲ." ಮತ್ತೆ ಹೇಳಿದರು: "ಆಮ್ಯಾಲೆ ಸಿಟ್ಟು ಹೋತು, ಅಂಜಿಕಿ ಬಂತು. ನನ್ನ ಮಾತು ಬರೀಬೇಕಂತ ಕುಂತೆ ಶರಣಪ್ಪ, ಒಂದು ಸಾಲೂ ಬರಲಿಲ್ಲ. ಮಕ್ಕಳಿಗೆ ಪುಸ್ತಕದ ಮಾತು ಹೇಳಿ ಹೇಳಿ ನನ್ನ ಮಾತೆಲ್ಲ ಎಲ್ಲಿ ಹೋಗ್ಯಾವೋ ಏನೋ. ಅದಕ್ಕ ಬರಲಿಲ್ಲ. ಯಾವ ಮುಖ ಹೊತ್ಕೊಂಡು ಬರ್ಲಿ?"

ಅಂದು ಕೇಳದೆ ಬಿಟ್ಟಿದ್ದನ್ನು ಆಗ ಕೇಳಿದೆ. ಈ ಪದವಿ ನಿಮಗೆ ಯಾಕೆ ಬೇಕು?

ಅಕ್ಕಾರು ತಮ್ಮ ತವರಿನ ಕತೆ ಹೇಳಿದರು. ಯಲಬುರ್ಗಾದ ಕಡೆ ಅವರ ಊರು. ಶ್ರಾವಣ ಮಾಸ ಬಂತೆಂದರೆ ಅವರ ತಂದೆ ಗುಡಿಯಲ್ಲಿ ಪುರಾಣ ಓದುತ್ತಿದ್ದರು. ಆ ರಾಗ, ಆ ಏರಿಳಿತ ಕೇಳುತ್ತ ಈ ಪುಟ್ಟ ಹುಡುಗಿ ಕಂಬಕ್ಕೊರಗಿ ಕೂತಿರುತ್ತಿದ್ದಳಂತೆ. "ಅಪ್ಪಾ, ಹಂಗಂದ್ರ ಏನು?" ಎಂದು ಕೇಳಿದರೆ, "ಸುಮ್ನ ಕೇಳವ್ವ, ಪುಣ್ಯ ಬರತೈತಿ" ಎನ್ನುತ್ತಿದ್ದರಂತೆ. ಅವರಿಗೂ ಪೂರ್ತಿ ತಿಳಿದಿರಲಿಕ್ಕಿಲ್ಲ ಎಂದು ಅಕ್ಕಾರಿಗೆ ಹೊಳೆದದ್ದು ದೊಡ್ಡವರಾದ ಮೇಲೆ.

"ಪುಣ್ಯ ಬೇಕಾದಷ್ಟು ಬಂದೈತಿ," ಎಂದು ನಕ್ಕರು ಅಕ್ಕಾರು, "ಈಗ ಅರ್ಥ ಬೇಕು."

ಇಂಥ ಮಾತು ಆಡಬಲ್ಲವರಿಗೆ ಸ್ವಂತ ಮಾತಿಲ್ಲವೆಂದರೆ ನಂಬುವುದು ಹೇಗೆ? ಆ ಪದ್ಯವನ್ನು ನೀವೇ ಯಜಮಾನರಿಗೆ ಬಿಡಿಸಿ ಹೇಳಬೇಕು, ನಾನು ಸುಮ್ಮನೆ ಕೇಳುತ್ತೇನೆ ಎಂದೆ. ಅಕ್ಕಾರು ಸಂಕೋಚದಿಂದಲೇ ಶುರುಮಾಡಿದರು. ಮೊದಲು ಗೈಡಿನ ಮಾತುಗಳೇ ಬಂದವು: ಕವಿಯ ಪ್ರತಿಭೆ, ಭಾವತೀವ್ರತೆ, ಶೈಲಿಯ ಸರಳತೆ. ಸಂಗಪ್ಪನವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನಡುವೆ ಬಾಯಿ ಹಾಕಿದರು.

"ಅದಿರಲಿ, ಅಕಿ ಬಾಗಲದಾಗ ಯಾಕ ನಿಂತಾಳ? ಬರೋರು ಬಂದಽ ಬರ್ತಾರ. ಒಳಗ ಕುಂತು ಕೆಲಸ ಮಾಡಿದ್ರ ಆಗಂಗಿಲ್ಲೇನು?"

ಅಕ್ಕಾರು ಅವರತ್ತ ತಿರುಗಿದರು. ಶಾಲೆಯಲ್ಲಿ ಮೂರ್ಖ ಪ್ರಶ್ನೆ ಕೇಳಿದವರನ್ನು ನೋಡುತ್ತಿದ್ದ ಅದೇ ನೋಟ.

"ಒಳಗ ಕುಂತ್ರ ದಾರಿ ಕಾಣತೈತೇನ್ರಿ? ನಿಮಗೇನು ಗೊತ್ತು? ಲಗ್ನ ಆದ ವರ್ಷ ಪಂಚಮಿಗೆ ನಮ್ಮಣ್ಣ ಕರಿಯಾಕ ಬರ್ತಾನಂತ ನಾ ಇದೇ ಬಾಗಲದಾಗ ನಿಂತಿದ್ದೆ. ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು, ನಿಮ್ಮವ್ವ ಬೈದ್ರು, ಆದ್ರೂ ಕಾಲು ಕೀಳಲಿಲ್ಲ. ದೂರದಾಗ ಯಾರದರ ಬಿಳಿ ರುಮಾಲು ಕಂಡ್ರ ಸಾಕು, ಎದಿ ಹಾರತಿತ್ತು. ಹತ್ರ ಬಂದ್ರ ಬ್ಯಾರೆ ಯಾರೋ. ಈ ಪದ್ಯದಾಗ ಅಣ್ಣ ಬಂದನೋ ಇಲ್ಲೋ ಅಂತ ಕವಿ ಹೇಳೇ ಇಲ್ಲ ನೋಡ್ರಿ. ಯಾಕ ಹೇಳಿಲ್ಲ? ನಿಂತಾಕಿಗೆ ಗೊತ್ತಿಲ್ಲ, ಅದಕ್ಕ ಕವೀನೂ ಹೇಳಿಲ್ಲ. ಅಕಿ ಜೋಡಿ ಅವನೂ ಬಾಗಲದಾಗ ನಿಂತಾನ!"

ಸಂಗಪ್ಪನವರು ಮೆಲ್ಲಗೆ, "ನೀ ಇದನ್ನ ನನಗ ಹೇಳೇ ಇರಲಿಲ್ಲ" ಎಂದರು.

"ನೀವು ಕೇಳಿರಲಿಲ್ಲ" ಎಂದರು ಅಕ್ಕಾರು.

ನನಗೆ ಕುಣಿಯಬೇಕೆನಿಸಿತು. "ಅಕ್ಕಾರ, ಇದನ್ನ ಬರೀರಿ, ಇದನ್ನೇ ಬರೀರಿ" ಎಂದೆ. "ಹಾಲು ಉಕ್ಕಿದ್ದೂ ಬರೀಬಹುದೇನು?" ಎಂದು ಅವರು ಕೇಳಿದಾಗ ಆ ಮುಖದ ಮೇಲೆ ಹೊಸ ಪಾಟಿ ಕೈಗೆ ಬಂದ ಮಗುವಿನ ಬೆರಗಿತ್ತು.

ಮುಂದಿನ ಭಾನುವಾರ ಅಕ್ಕಾರು ಬಂದರು. ಮತ್ತೆ ಬರೆದ ಪ್ರಬಂಧದಲ್ಲಿ ಕಾಟು ಇತ್ತು, ಚಿತ್ತು ಇತ್ತು, ಒಂದೆರಡು ವಾಕ್ಯಗಳು ಅರ್ಧಕ್ಕೇ ನಿಂತಿದ್ದವು, ಮತ್ತು ಅದನ್ನು ತರಗತಿಗೆ ಓದಿ ಹೇಳಿದಾಗ ಮರಳಿಯ ಸೊಸೆ ಕಣ್ಣೊರೆಸಿಕೊಂಡಳು, ಹನುಮಂತಪ್ಪ ಪೂರ್ತಿ ಎಚ್ಚರವಿದ್ದ. ಆಮೇಲೊಮ್ಮೆ ಊರಿಗೆ ಹೋದಾಗ ಅಕ್ಕಾರ ತರಗತಿಯಲ್ಲೇ ಓದುತ್ತಿದ್ದ ನನ್ನ ಅಣ್ಣನ ಮಗಳು ತನ್ನ ಶಾಲೆಯ ಪುಸ್ತಕ ತೋರಿಸಿದಳು. ಅಕ್ಕಾರ ಕೆಂಪು ಗೆರೆಯ ಪಕ್ಕದಲ್ಲಿ ಈಗ ಒಂದು ಸಾಲು ಹೆಚ್ಚಾಗಿ ಸೇರಿತ್ತು: ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ಯಾವುದು ಚೆನ್ನಾಗಿದೆ. ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಶಿಕ್ಷಕಿಯೊಬ್ಬರು ಕಲಿಸುವುದನ್ನೇ ಹೊಸದಾಗಿ ಕಲಿತಿದ್ದರು.

ಎಲ್ಲವೂ ಸಲೀಸಾಗಿ ಮುಗಿಯಿತೆಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂ ಬಾರದು. ಇಂಗ್ಲಿಷಿನಲ್ಲಿ ಅಕ್ಕಾರು ಒಮ್ಮೆ ನಪಾಸಾದರು. ಮರುವರ್ಷ ಮತ್ತೆ ಬರೆದರು. ಆ ಕೇಂದ್ರದ ಸೊಗಸೇ ಅದು. ಅಲ್ಲಿ ಯಾರನ್ನೂ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಹೆರಿಗೆಗೆಂದು ಹೋದವಳು ಕೂಸು ನಡೆಯುವ ಹೊತ್ತಿಗೆ ಬಂದು ಬಿಟ್ಟ ಪಾಠದಿಂದ ಶುರುಮಾಡಬಹುದು. ಸುಗ್ಗಿಗೆ ಹೋದವನು ರಾಶಿ ಮಾಡಿ ಬಂದು ಪರೀಕ್ಷೆಗೆ ಕೂರಬಹುದು. ಕಾಯಬಲ್ಲ ಕಾಲೇಜು ಎಂಬುದು ಎಷ್ಟು ದೊಡ್ಡ ಮಾತೆಂದು ಹೊತ್ತಿಗೆ ಸರಿಯಾಗಿ ಎಲ್ಲ ಸಿಕ್ಕವರಾದ ನಮಗೆ ಬೇಗ ತಿಳಿಯುವುದಿಲ್ಲ. ಅಕ್ಕಾರು ನಿವೃತ್ತರಾದ ಮೇಲೆ ಫಲಿತಾಂಶ ಬಂತು. ಪಾಸಾಗಿದ್ದರು. ತರಗತಿಯವರೆಲ್ಲ ಸೇರಿ ಅವರಿಗೆ ಪೇಢೆ ತಿನ್ನಿಸಲು ಹೋದರೆ, ಅವರೇ ಡಬ್ಬಿ ತುಂಬ ಹೋಳಿಗೆ ತಂದಿದ್ದರು.

ಆ ವರ್ಷದ ಶ್ರಾವಣದಲ್ಲಿ ನನಗೆ ತಾವರಗೇರಾದಿಂದ ಕರೆ ಬಂತು. ಓಣಿಯ ಗುಡಿಯಲ್ಲಿ ಪುರಾಣ ಓದುತ್ತಿದ್ದ ಹಿರಿಯರಿಗೆ ಕಣ್ಣು ಮಂಜಾಗಿತ್ತು. ಈ ಸಲ ಅಕ್ಕಾರು ಓದಲಿ ಎಂಬ ಮಾತು ಬಂದಾಗ, ಹೆಣ್ಣುಮಗಳು ಓದುವುದೇ ಎಂದು ಒಂದಿಬ್ಬರು ಗೊಣಗಿದರಂತೆ. ಆ ಹಿರಿಯರೇ ಪುಸ್ತಕವನ್ನು ಅಕ್ಕಾರ ಕೈಗಿತ್ತು, "ಓದವ್ವ, ನೀ ಓದಿದಾಕಿ" ಎಂದು ಬಾಯಿ ಮುಚ್ಚಿಸಿದರಂತೆ.

ಸಂಜೆ ನಾನು ಹೋಗುವಷ್ಟರಲ್ಲಿ ಗುಡಿಯ ಅಂಗಳ ತುಂಬಿತ್ತು. ಅಕ್ಕಾರು ಒಂದು ಪದ್ಯವನ್ನು ತಮ್ಮ ತಂದೆಯ ರಾಗದಲ್ಲೇ ಓದುವರು, ನಿಲ್ಲುವರು, ಓಣಿಯ ಮಾತಿನಲ್ಲಿ ಬಿಡಿಸಿ ಹೇಳುವರು. ಕತೆಯಲ್ಲಿ ರಾಣಿಯೊಬ್ಬಳು ಗಂಡನ ಅರಮನೆ ಬಿಟ್ಟು ಹೊರಡುವ ಭಾಗ ಬಂತು. ಎಷ್ಟೋ ಶ್ರಾವಣಗಳಿಂದ ಅದೇ ಪುರಾಣವನ್ನು ಕೇಳುತ್ತ ಬಂದಿದ್ದ ಮುದುಕಿಯೊಬ್ಬಳು ಮೂಲೆಯಿಂದ ತಟ್ಟನೆ ಕೇಳಿದಳು:

"ಅಕ್ಕಾರ, ಅಕಿ ಹೋಗಬೇಕಾದ್ರ ಹಿಂದ ತಿರುಗಿ ಯಾಕ ನೋಡಲಿಲ್ಲ?"

ಅಕ್ಕಾರು ಪುಸ್ತಕದಿಂದ ತಲೆಯೆತ್ತಿದರು. "ನನಗೂ ಪೂರಾ ಗೊತ್ತಿಲ್ಲಬೇ," ಎಂದರು. "ನಿನಗೇನ್ ಅನಸತೈತಿ?"

"ನೋಡಿದ್ರ ಹೋಗಾಕ ಆಗತಿದ್ದಿಲ್ಲ" ಎಂದಳು ಮುದುಕಿ. "ಛೇ, ಸಿಟ್ಟಿಗೆ ನೋಡಲಿಲ್ಲ" ಎಂದಳು ಪಕ್ಕದವಳು. "ತಪ್ಪು ಅಕಿದಽ ಇತ್ತು" ಎಂದ ಕಂಬದ ಬಳಿಯ ಗಂಡಸೊಬ್ಬ. ಅಷ್ಟು ಸಾಕಾಯಿತು. ಹೆಂಗಸರೆಲ್ಲ ಒಟ್ಟಿಗೆ ಅವನ ಮೇಲೆ ಬಿದ್ದರು. ಅಂದಿನ ಪುರಾಣ ಮುಂದೆ ಹೋಗಲೇ ಇಲ್ಲ. ಮಂಗಳಾರತಿ ಆದ ಮೇಲೂ ಜನ ಕರಗಲಿಲ್ಲ. ಅಂಗಳದಲ್ಲಿ, ಮೆಟ್ಟಿಲ ಮೇಲೆ, ಓಣಿಯುದ್ದಕ್ಕೂ ಗುಂಪುಗುಂಪಾಗಿ ನಿಂತು ಆ ರಾಣಿಯ ಪರ ವಿರೋಧ ವಾದಿಸುತ್ತಿದ್ದರು. ಎಲ್ಲರಿಗಿಂತ ದೊಡ್ಡ ದನಿ ಸಂಗಪ್ಪನವರದು. ಅವರು ರಾಣಿಯ ಪರ. ಕುಷ್ಟಗಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ಯಾರೋ ಹಿಂದಿನಿಂದ "ರಾಜಂದೇನೂ ತಪ್ಪಿಲ್ಲ" ಎಂದುಬಿಟ್ಟರು. ಬಸ್ಸು ಹೋದರೆ ಹೋಗಲಿ ಎಂದು ನಾನು ಚೀಲವನ್ನು ಕಟ್ಟೆಯ ಮೇಲಿಟ್ಟು, "ಅದ್ಹೆಂಗ್ರಿ?" ಎನ್ನುತ್ತ ಗುಂಪಿನೊಳಗೆ ನುಗ್ಗಿದೆ.