ಕಣ್ಣಿಗೂ ಒಂದು ವೇಟಿಂಗ್ ಪೀರಿಯಡ್

ಹೋದ ವಾರ ಹೆಬ್ಬಾಳದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಾಡಿಬಿಟ್ಟೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕುಳಿತಿದ್ದವರೂ ನನ್ನತ್ತ ತಿರುಗಿದರು.

ಹೆಂಡತಿ ಜಯಮ್ಮನ ಕಣ್ಣು ತೋರಿಸಲು ಹೋಗಿದ್ದೆ. ಇನ್ಶೂರೆನ್ಸ್ ಕಾರ್ಡನ್ನು ಜಂಬದಿಂದ ಕೌಂಟರಿನ ಮೇಲಿಟ್ಟೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಅದನ್ನು ವಾಪಸ್ ತಳ್ಳಿದಳು.

“ಅಂಕಲ್, ಕಣ್ಣು ಟೆಸ್ಟಿಂಗ್ ಇದ್ರಲ್ಲಿ ಬರಲ್ಲ. ನೀವೇ ಕಟ್ಬೇಕು.”

“ಪೊರೆ ಆಪರೇಷನ್ ಕವರ್ ಆಗುತ್ತೆ ಅಂತ ಏಜೆಂಟ್ ಹೇಳಿದ್ನಲ್ಲಮ್ಮ?”

“ಆಪರೇಷನ್ ಆಗುತ್ತೆ. ಬರೀ ಚೆಕಪ್ ಆಗಲ್ಲ. ಆಪರೇಷನ್ ಅಂತಾದ್ರೆ ಈ ಬಿಲ್ಲೂ ಸೇರ್ಸಿ ಕ್ಲೈಮ್ ಮಾಡ್ಬಹುದು.”

“ಚೆಕಪ್ ಮಾಡ್ದೆ ಆಪರೇಷನ್ ಬೇಕೋ ಬೇಡ್ವೋ ಹೆಂಗಮ್ಮ ಗೊತ್ತಾಗುತ್ತೆ? ಕವಡೆ ಹಾಕ್ತೀರಾ?”

“ನನ್ ಮೇಲ್ ಯಾಕ್ ಕೂಗ್ತೀರಾ ಅಂಕಲ್? ಪಾಲಿಸಿ ನಾನ್ ಬರ್ದಿದ್ದಾ?”

ಸರಿಯಾದ ಮಾತು. ಹಣ ಕಟ್ಟಿದೆ. ಆದರೆ ಸಿಟ್ಟು ಇಳಿಯಲಿಲ್ಲ. ಇದೆಂಥ ನಿಯಮ ಸ್ವಾಮಿ? ಕಣ್ಣು ಕತ್ತರಿಸುವಷ್ಟು ಕೆಟ್ಟರೆ ದುಡ್ಡು ಕೊಡುತ್ತಾರೆ. ಕೆಡದ ಹಾಗೆ ನೋಡಿಕೊಳ್ಳುತ್ತೇನೆ ಅಂದರೆ ಕೊಡುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಈ ಅಂಕಣ.

ನಾನು ಬಸ್ ಡ್ರೈವರ್ ಆಗಿದ್ದವನು, ನಿಮಗೆ ಗೊತ್ತಿದೆ. ನೌಕರಿಯಲ್ಲಿದ್ದಷ್ಟು ಕಾಲ ನನ್ನ ಕಣ್ಣನ್ನು ಡಿಪೋದವರೇ ಕರೆದು ಕರೆದು ಪರೀಕ್ಷೆ ಮಾಡಿಸಿದರು. ಜಯಮ್ಮನ ಕಣ್ಣನ್ನು ಯಾರು ಕರೆಯಬೇಕಿತ್ತು? (ಅವಳು ಓಡಿಸುತ್ತಿದ್ದದ್ದು ಬರೀ ಸಂಸಾರ ತಾನೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ.)

ಪಾಲಿಸಿ ಮಾಡಿಸಿದ ಕೆಲವೇ ತಿಂಗಳಿಗೆ ಅವಳು ಅಂದಳು, “ಕಣ್ಣು ಮಂಜು ಮಂಜು ಆಗ್ತಿದೆ ಕಣ್ರೀ.”

ಜಕ್ಕೂರು ಕೆರೆ ಏರಿಯ ಮೇಲೆ ನನ್ನ ಜೊತೆ ವಾಕಿಂಗ್ ಮಾಡುವ ರಾಮಣ್ಣನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ. “ಈಗ್ಲೇ ತೋರ್ಸೋಕ್ ಹೋಗ್ಬೇಡ ಗುರು. ಪೊರೆಗೆ ಎರಡು ವರ್ಷ ವೇಟಿಂಗ್ ಪೀರಿಯಡ್ ಇರುತ್ತೆ, ಅಲ್ಲೀವರ್ಗೂ ದುಡ್ಡು ಕೊಡಲ್ಲ. ಅಷ್ಟರೊಳಗೆ ಎಲ್ಲಾದ್ರೂ ರೆಕಾರ್ಡ್ ಆಯ್ತು ಅನ್ಕೋ, ಹಳೇ ಕಾಯಿಲೆ ಅಂತ ಕ್ಲೈಮ್ ಎತ್ತಿ ಬಿಸಾಕ್ತಾರೆ. ಹಣ್ಣಾಗ್ಲಿ ಬಿಡು, ಪೊರೆ ಎಲ್ಲೂ ಓಡೋಗಲ್ಲ.”

ನನಗದು ಬಹಳ ಬುದ್ಧಿವಂತಿಕೆಯಾಗಿ ಕಂಡಿತು. ಕಾದೆವು.

ಅವಳು ಹಾಕುವ ರಂಗೋಲಿಯಲ್ಲಿ ಎಡಬದಿಯ ಚುಕ್ಕಿ ತಪ್ಪತೊಡಗಿತು. “ಏನೇ, ಈ ಕಡೆ ರಂಗೋಲಿಗೆ ರಜಾನಾ?” ಎಂದು ನಕ್ಕೆ. ಕೋಗಿಲು ಕ್ರಾಸಿನಲ್ಲಿ ಎಡಗಡೆಯಿಂದ ಬಂದ ಆಟೋ ಕಾಣದೆ ಮುಂದೆ ನುಗ್ಗಿದಳು. “ಗ್ಯಾನ ಎಲ್ಲಿಟ್ಟಿದ್ದೀಯ?” ಎಂದು ಬೈದೆ. ನಮ್ಮ ಬೀದಿಯ ಶಾಲೆಯಲ್ಲೇ ಉಚಿತ ಕಣ್ಣಿನ ಕ್ಯಾಂಪ್ ಹಾಕಿದ್ದರು. ಅವಳು ಸೀರೆ ಬದಲಿಸಿ ಹೊರಟು ನಿಂತಿದ್ದಳು. ಬಾಗಿಲಲ್ಲೇ ತಡೆದೆ. “ಅಲ್ಲಿ ಹೆಸರು ಬರೆಸಿದ್ರೂ ರೆಕಾರ್ಡೇ ಕಣೇ!”

ಬಿಟ್ಟಿಯಾಗಿ ಆಗುತ್ತಿದ್ದ ಪರೀಕ್ಷೆಯನ್ನೂ ಇನ್ಶೂರೆನ್ಸ್ ಉಳಿಸುವುದಕ್ಕಾಗಿ ತಪ್ಪಿಸಿದವನು ನಾನು. ಓದಿಕೊಳ್ಳಿ, ನಿಧಾನವಾಗಿ.

ಎರಡು ವರ್ಷ ಮುಗಿಯಿತು ಎಂದೇ ಹೋದ ವಾರ ಹೋದದ್ದು. ದಾರಿಯಲ್ಲಿ ಅವಳಿಗೆ ಪಾಠವನ್ನೂ ಹೇಳಿಕೊಟ್ಟಿದ್ದೆ, “ಯಾವಾಗಿಂದ ಅಂತ ಕೇಳಿದ್ರೆ, ಈಗೀಗ ಅನ್ನು.”

ಡಾಕ್ಟರಮ್ಮ ಒಂದಾದ ಮೇಲೊಂದು ಮೆಷಿನ್ನಿನ ಮುಂದೆ ಕೂರಿಸಿ ನೋಡಿದರು. ಅವರ ಮುಖ ಸಣ್ಣದಾಯಿತು.

“ಪೊರೆ ಸ್ವಲ್ಪ ಇದೆ, ಅದು ದೊಡ್ಡದಲ್ಲ. ಕಣ್ಣಿನೊಳಗೆ ಪ್ರೆಶರ್ ಜಾಸ್ತಿಯಾಗಿ ನರ ಹಾಳಾಗಿದೆ. ಗ್ಲಾಕೋಮಾ. ಎಡಗಣ್ಣಲ್ಲಿ ಬಹಳ ಹೋಗಿದೆ. ಯಾವಾಗಿಂದಮ್ಮ ಹೀಗೆ?”

“ಈಗೀಗ ಡಾಕ್ಟ್ರೇ,” ಅಂದಳು ಜಯಮ್ಮ.

ಹೇಳಿಕೊಟ್ಟ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಆಮೇಲೆ, ಸರಿ ಹೇಳಿದೆನಾ ಎಂಬಂತೆ ನನ್ನ ಕಡೆ ನೋಡಿದಳು. ನಾನು ಅವಳ ಎಡಕ್ಕೆ ನಿಂತಿದ್ದೆ. ನನ್ನನ್ನು ಹುಡುಕಲು ಅವಳು ಇಡೀ ಕತ್ತು ತಿರುಗಿಸಬೇಕಾಯಿತು.

“ಸುಳ್ಳು ಡಾಕ್ಟ್ರೇ,” ಅಂದೆ. “ಹತ್ರ ಹತ್ರ ಎರಡು ವರ್ಷ ಆಯ್ತು. ನಾನೇ ಬೇಡ ಅಂದಿದ್ದು.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡೋಣ. ದಿನಾ ಡ್ರಾಪ್ಸ್ ಹಾಕ್ಬೇಕು, ಬಿಡೋ ಹಾಗಿಲ್ಲ,” ಅಂದರು. (ಆ ಡ್ರಾಪ್ಸೂ ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ. ಕೇಳಿದೆ.)

ಕಂಪನಿಯನ್ನು ಬೈಯುತ್ತೇನೆ, ಬಿಡುವುದಿಲ್ಲ. ರಾಮಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಆದರೆ ಬಾಗಿಲಿಗೆ ಅಡ್ಡ ನಿಂತದ್ದು ಕಂಪನಿಯೂ ಅಲ್ಲ, ರಾಮಣ್ಣನೂ ಅಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಮಂಜು ಅಂದಿದ್ದರೆ, ಕಾರ್ಡು ಹುಡುಕಬೇಡಿ. ಚಪ್ಪಲಿ ಹುಡುಕಿ, ಹೊರಡಿ.

ಈಗ ಬೆಳಿಗ್ಗೆ, ಸಂಜೆ ನಾನೇ ಡ್ರಾಪ್ಸ್ ಹಾಕುತ್ತೇನೆ. ನಿನ್ನೆ ಹಾಕುತ್ತಿದ್ದಾಗಲೇ ಏಜೆಂಟಿನ ಫೋನು. ಸ್ಪೀಕರಿನಲ್ಲಿಟ್ಟೆ.

“ಸಾರ್, ರಿನ್ಯೂವಲ್ ಬಂತು. ಗುಡ್ ನ್ಯೂಸ್! ನೀವು ಒಂದ್ಸಲಾನೂ ಕ್ಲೈಮ್ ಮಾಡಿಲ್ವಲ್ಲ, ನಿಮಗೆ ಬೋನಸ್ ಇದೆ!”

ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಕುಳಿತಿದ್ದ ಜಯಮ್ಮ ಕೇಳಿದಳು, “ಯಾತಕ್ಕಂತೆ ರೀ, ಬೋನಸ್ಸು?”

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?